ಚಪ್ಪಾಳೆ ಅತ್ತಿಗೆಯ ಕುರ್ಚಿ

ನಮ್ಮ ರೇಡಿಯೋ ನಿಲಯದಲ್ಲಿ ವಾರಕ್ಕೊಮ್ಮೆ ಸಭಿಕರೆದುರೇ ಧ್ವನಿಮುದ್ರಣವಾಗುವ ಒಂದು ಸಂದರ್ಶನವಿದೆ. ಕಲಾವಿದರು ಬಂದು ಹಾಡುತ್ತಾರೆ, ನಡುನಡುವೆ ನಾನು ಪ್ರಶ್ನೆ ಕೇಳುತ್ತೇನೆ. ಚೆನ್ನಾಗಿ ಬಂದರೆ ಜನ ಕಲಾವಿದರನ್ನು ಹೊಗಳುತ್ತಾರೆ, ಕೆಟ್ಟರೆ ಮಾತ್ರ ಅವರಿಗೆ ನನ್ನ ನೆನಪಾಗುತ್ತದೆ. ನಿಜ ಹೇಳಬೇಕೆಂದರೆ ಇದನ್ನು ಇಷ್ಟು ವರ್ಷ ಎಳೆದುಕೊಂಡು ಬಂದವರು ಮುಂದಿನ ಸಾಲಿನ ಮೂಲೆ ಕುರ್ಚಿಯಲ್ಲಿ ಕೂರುವ ನನ್ನ ಅತ್ತಿಗೆ.

ಹಾಡು ನಿಂತಾಗ ಸಭಿಕರಿಗೆ ಸಂಕೋಚ. ಮುಗಿಯಿತೋ, ಇನ್ನೊಂದು ಚರಣ ಬಾಕಿಯಿದೆಯೋ? ಅವರು ಅಕ್ಕಪಕ್ಕ ನೋಡುತ್ತ ಕೂತರೆ ಮನೆಯಲ್ಲಿ ಕೇಳುವವರು ರೇಡಿಯೋದ ತಲೆಗೆ ಎರಡು ಕುಟ್ಟುತ್ತಾರೆ. ಹಾಗಾಗಿ ಯಾರಾದರೂ ಮೊದಲು ತಟ್ಟಬೇಕು. ಅತ್ತಿಗೆ ತಟ್ಟುತ್ತಾರೆ, ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ, ಸದ್ದು ದಪ್ಪಗೆ ಬರುವ ಹಾಗೆ. ಅವರ ಕೈ ಎದ್ದರೆ ಸಭೆಯ ಕೈ ಏಳುತ್ತದೆ. ಏಕೆ, ಏನು ಎಂದು ಯಾರೂ ವಿಚಾರಿಸುವುದಿಲ್ಲ.

ಉಳಿದ ದಿನ ಅವರದು ಹೊಲಿಗೆ. ಮೆಷಿನ್ನು ನಡುಮನೆಯಲ್ಲಿ. ಈ ಕಡೆಯಿಂದ ಅಣ್ಣ ಕನ್ನಡಕ ಹುಡುಕಿಕೊಡು ಅನ್ನುತ್ತಾನೆ, ಆ ಕಡೆ ಕೋಣೆಯೊಳಗಿನಿಂದ ನಮ್ಮಮ್ಮ ಬೆನ್ನು ತಿಕ್ಕು ಬಾ ಅನ್ನುತ್ತಾಳೆ. ಅಮ್ಮ ನನ್ನ ಮನೆಯಲ್ಲಿ ಏಕಿಲ್ಲ ಎಂದು ಕೇಳಬೇಡಿ. ನಾನು ಪ್ರಶ್ನೆ ಕೇಳುವ ಕೆಲಸದವನು, ಉತ್ತರ ಕೊಡುವುದು ಅತಿಥಿಗಳ ಪಾಡು.

ಈಚೆಗೆ ನಿಲಯದ ಮುಖ್ಯಸ್ಥರು ನನ್ನನ್ನು ಕರೆದು, ಹಳೆಯ ಚಪ್ಪಾಳೆಗಳೆಲ್ಲ ಕಂಪ್ಯೂಟರಿನಲ್ಲಿ ಬಿದ್ದಿರುವಾಗ ಸಭಿಕರೇಕೆ, ಅವರಿಗೆ ಫ್ಯಾನೇಕೆ ಎಂದರು. ಮುಂದಿನ ಸಂಚಿಕೆ ಕೇಳಿ ತೀರ್ಮಾನಿಸುತ್ತಾರಂತೆ. ಸುದ್ದಿ ಮುಟ್ಟಿಸಲು ಹೋದರೆ ಅತ್ತಿಗೆ ಶಾಲಾ ಸಮವಸ್ತ್ರಗಳ ರಾಶಿಯಲ್ಲಿ ಮುಕ್ಕಾಲು ಮುಳುಗಿದ್ದರು.

“ಆ ಕುರ್ಚಿ ಹೋದ್ರೆ ನಾನು ಕೂತ್ಕೊಳ್ಳೋದೆಲ್ಲಪ್ಪ?”

“ಮನೇಲಿ ಬೆಳಗಿಂದ ಕೂತೇ ಇರ್ತೀರಲ್ಲ ಅತ್ತಿಗೆ.”

“ಇದು ಕೂತ್ಕೊಳ್ಳೋದಲ್ಲ ಕಣೋ, ಬಗ್ಗೋದು. ಅಲ್ಲಿ ಬೆನ್ನು ಆನಿಸ್ತೀನಿ. ಯಾರೂ ನನ್ನ ಕೂಗೋ ಹಾಗಿಲ್ಲ. ಕೂಗಿದ್ರೆ ರೆಕಾರ್ಡ್ ಆಗ್ಬಿಡತ್ತೆ.”

ಆ ಸಂಚಿಕೆಗೆ ಬಂದವರು ಹೆಸರಾಂತ ಹಿರಿಯ ಗಾಯಕಿ. ಮಗ, ಶಿಷ್ಯರು ಸೇರಿ ಕೈಹಿಡಿದು ವೇದಿಕೆ ಹತ್ತಿಸಿದರು. ಮೇಲಿನ ಸ್ವರಕ್ಕೆ ಹತ್ತುವಾಗ ದನಿಯೂ ಅವರಷ್ಟೇ ಏದುಸಿರು ಬಿಡುತ್ತಿತ್ತು. ಮೊದಲ ಹಾಡಿಗೆ ಅತ್ತಿಗೆ ಚೆನ್ನಾಗಿ ತಟ್ಟಿದರು. ಎರಡನೆಯದರ ನಡುವೆ ಕತ್ತು ಹಿಂದಕ್ಕೆ ವಾಲಿತು. ಸಮವಸ್ತ್ರ ಹೊಲಿದ ದಣಿವು, ಫ್ಯಾನಿನ ಗಾಳಿ, ನಿಧಾನದ ಹಾಡು. ನಿದ್ದೆಗೆ ಇನ್ನೇನು ಬೇಕು? ನಾನು ಹುಬ್ಬು ಹಾರಿಸಿದೆ, ಕೆಮ್ಮಿದೆ. ಗಾಯಕಿ ಹಾಡುತ್ತಲೇ ನನ್ನ ಮುಖವನ್ನು ಮರುಕದಿಂದ ನೋಡಿದರು.

ಹಾಡು ಮುಗಿಯಿತು. ಸಭೆ ಅತ್ತಿಗೆಯ ಕೈ ನೋಡಿತು. ಕೈ ಮಡಿಲಲ್ಲಿತ್ತು. ಕೆಟ್ಟು ನಿಂತ ಗಾಡಿಯನ್ನು ತಳ್ಳುವಂತೆ ನಾನೇ, ಮುಂದೇನು ಹಾಡುತ್ತೀರಿ ಎಂದು ಕೇಳಿಬಿಟ್ಟೆ.

“ಏನೂ ಇಲ್ಲ,” ಎಂದರು ಗಾಯಕಿ. “ಸಾಕಾಗಿದೆ. ಇನ್ಮೇಲೆ ಹಾಡೋದನ್ನೇ ನಿಲ್ಲಿಸ್ತೀನಿ.”

ಸಭಾಂಗಣ ತಣ್ಣಗಾಯಿತು. ಸದ್ದಿಗೆ ಏಳದ ಅತ್ತಿಗೆ ಈ ನಿಶ್ಶಬ್ದಕ್ಕೆ ಎಚ್ಚೆತ್ತರು. ಅವರ ಲೆಕ್ಕದಲ್ಲಿ ಹಾಡು ನಿಂತು ಇಷ್ಟು ಹೊತ್ತಾದರೂ ಯಾರೂ ತಟ್ಟಿಲ್ಲ. ಗಾಬರಿಯಲ್ಲಿ ಎರಡೂ ಕೈ ಎತ್ತಿ ಶುರುಮಾಡಿದರು. ಸಭೆ ಹಿಂದಿನ ಹಾಡಿನ ಬಾಕಿಯನ್ನೂ ಸೇರಿಸಿ ತಟ್ಟಿತು. ಅಷ್ಟು ಚಪ್ಪಾಳೆ ಗಾಯಕಿಯ ಯಾವ ಹಾಡಿಗೂ ಬಿದ್ದಿರಲಿಲ್ಲ.

ಎಲ್ಲರ ಮುಖ ನೋಡಿ ಅತ್ತಿಗೆಗೆ ಅರ್ಥವಾಯಿತು. ಕೈಗಳು ಅರ್ಧಕ್ಕೇ ನಿಂತವು. ಗಾಯಕಿ ಮಾತ್ರ ಕೆಮ್ಮು ಬರುವಷ್ಟು ನಕ್ಕರು.

“ನಿಲ್ಲಿಸ್ತೀನಿ ಅಂತ ಹೇಳಿ ಹೇಳಿ ಸಾಕಾಗಿತ್ತು. ಮಗ ಬಿಡಲ್ಲ, ಶಿಷ್ಯರು ಬಿಡಲ್ಲ. ಒಪ್ಕೊಂಡಿದ್ದು ನೀನೇ ಮೊದಲು ಕಣಮ್ಮ.”

“ನಿದ್ದೆ ಬಂದಿತ್ತಮ್ಮ,” ಎಂದರು ಅತ್ತಿಗೆ.

“ನಂಗೂನೂ,” ಎಂದರು ಗಾಯಕಿ. ಅದೂ ರೆಕಾರ್ಡ್ ಆಯಿತು.

ಮುಖ್ಯಸ್ಥರು ಕೇಳಿ, ಸಂಚಿಕೆ ಚೆನ್ನಾಗಿದೆ, ಆದರೆ ಸಭಿಕರನ್ನು ನಂಬುವ ಹಾಗಿಲ್ಲ ಎಂದರು. ಇನ್ನು ಮೇಲೆ ಕಂಪ್ಯೂಟರಿನ ಚಪ್ಪಾಳೆಯೇ. ನಾನು ಮೇಜಿನ ಅಂಚು ಹಿಡಿದು ನಿಂತು, ಹಾಡುವವರಿಗೆ ನೋಡಲು ಒಂದು ಮುಖವಾದರೂ ಬೇಡವೇ, ನನ್ನದು ಸಾಲದು ಎಂದು ಬೇಡಿದೆ. ನನ್ನ ಮುಖ ನೋಡಿದ ಮೇಲೆ ಅವರು ಒಪ್ಪಲೇಬೇಕಾಯಿತು. ಒಬ್ಬರು ಕೂರಬಹುದು, ಕೈ ಮಾತ್ರ ಅಲ್ಲಾಡಿಸಬಾರದು.

ಈಗ ಖಾಲಿ ಸಭಾಂಗಣದಲ್ಲಿ ಅತ್ತಿಗೆ ಮೂಲೆ ಕುರ್ಚಿಗೆ ಬೆನ್ನು ಆನಿಸಿ ಕೂರುತ್ತಾರೆ. ಮೊದಲ ಹಾಡಿಗೆ ಎಚ್ಚರವಿರುತ್ತಾರೆ, ಎರಡನೆಯದರ ಜವಾಬ್ದಾರಿ ಯಾರೂ ಹೊರಬೇಕಿಲ್ಲ. ಮನೆಯಲ್ಲಿ ಮಾತ್ರ ಚಪ್ಪಾಳೆ ಕೆಲಸಕ್ಕೆ ಹೋಗುತ್ತೇನೆಂದೇ ಹೇಳಿದ್ದಾರೆ. ಸುಳ್ಳು ಬಯಲಾಗುವ ಭಯವಿಲ್ಲ. ಕಂಪ್ಯೂಟರಿನಲ್ಲಿ ಎಲ್ಲರಿಗಿಂತ ಮೊದಲು ಕೇಳುವ ದಪ್ಪ ಸದ್ದು ಅವರದೇ.

ಮೊನ್ನೆ, ಬೆಳಿಗ್ಗೆ ಮುದ್ರಿಸಿದ್ದು ಸಂಜೆ ರೇಡಿಯೋದಲ್ಲಿ ಪ್ರಸಾರವಾಗುವ ಹೊತ್ತಿಗೆ ನಾನು ಅಣ್ಣನ ಮನೆಯಲ್ಲೇ ಇದ್ದೆ. ಅಮ್ಮ ಕೋಣೆಯಿಂದ ಕೂಗಿ, ಎಷ್ಟು ತಟ್ಟುತ್ತಾಳೆ ನೋಡೋ, ಪಾಪ, ಇವತ್ತು ನನ್ನ ಬೆನ್ನು ತಿಕ್ಕುವುದು ಬೇಡ, ಅವಳ ಕೈ ಸೋತಿರುತ್ತೆ ಎಂದಳು.

ಅತ್ತಿಗೆ ನನ್ನ ಕಡೆ ನೋಡಲಿಲ್ಲ. ಸೂಜಿಗೆ ದಾರ ಪೋಣಿಸುತ್ತ, “ಸೋತಿದೆ ಅತ್ತೆ,” ಎಂದರು.