ಶೈಲಜಾಳ ಬಸುರಿನ ಪ್ರೋಟೀನ್

ಥರ್ಮೋಕೋಲ್ ಡಬ್ಬದ ಮುಚ್ಚಳ ಎತ್ತುವಾಗಿನ ಆ ಕಿರ್ರ್ ಸದ್ದಿಗೆ ನನ್ನ ಹಲ್ಲು ಜುಮ್ ಅನ್ನುತ್ತಿತ್ತು. ಬಸವೇಶ್ವರನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಶೈಲಜಾ, ಲ್ಯಾಬಿನಲ್ಲಿ ಎಸೆಯುವ ಅಂಥ ಡಬ್ಬಗಳನ್ನು ಹೊತ್ತು ತರುತ್ತಿದ್ದಳು. ಡಿಸೆಂಬರ್ ಚಳಿಯಲ್ಲಿ ಇಡ್ಲಿ ಹಿಟ್ಟು ಅದರೊಳಗೆ ಚೆನ್ನಾಗಿ ಉಬ್ಬುತ್ತದಂತೆ. ಬೆಳಗಾಗೆದ್ದು ಅವಳು ಮುಚ್ಚಳ ತೆಗೆದರೆ ನನಗೆ ಅದೇ ಅಲಾರಂ.

ದಾವಣಗೆರೆ ಕಡೆಯವಳು, ನಲವತ್ತರ ಆಸುಪಾಸು. ಬಸುರು ನಿಲ್ಲಲಿಲ್ಲವೆಂದು ಗಂಡನ ಮನೆಯಲ್ಲಿ ಮಾತು ಕೇಳಿ ಕೇಳಿ ಸಾಕಾಗಿ ಬಿಟ್ಟು ಬಂದಿದ್ದಳು. ಪೀಣ್ಯ ಕಡೆಯ ಲ್ಯಾಬಿನಲ್ಲಿ ಏನು ಕೆಲಸವೇ ಎಂದು ಒಮ್ಮೆ ಕೇಳಿದೆ.

"ಬಸುರಾದಾಗ ಮೈಯಾಗ ಹೆಚ್ಚಾಗೋ ಒಂದು ಪ್ರೋಟೀನ್ ಐತ್ರಿ ಆಂಟಿ. ಅದರ ಜೀನ್ ತಗೊಂಡು ಬ್ಯಾರೆ ಸೆಲ್‌ಗಳಿಗೆ ಹಾಕಿ, ಅವುಗಳ ಕೈಲಿ ಮಾಡಿಸ್ತೀವಿ. ರಿಸರ್ಚ್ ಮಾಡೋರು ತಗೋತಾರ."

"ಬಸುರಿಯರಿಗೆ ಕೊಡಲ್ವಾ?"

"ಯಾರಿಗೂ ಕೊಡಂಗಿಲ್ರಿ. ಮನುಷ್ಯರಿಗಲ್ಲ ಅಂತ ಲೇಬಲ್ ಮ್ಯಾಲೇ ಇರ್ತೈತಿ." ಆಮೇಲೆ ನಕ್ಕಳು. "ನನ್ನ ಕೈಲಿ ಆಗ್ಲಿಲ್ಲ, ಸೆಲ್‌ಗಳಾದ್ರೂ ಮಾಡ್ಲಿ ಬಿಡ್ರಿ."

ನನಗೆ ನಗು ಬರಲಿಲ್ಲ. ಮದುವೆಯಾಗದೆ ಉಳಿದ ಕಾನ್ವೆಂಟ್ ಹುಡುಗಿ ನಾನು. ಬಯಾಲಜಿಯಲ್ಲಿ ಆ ಚಾಪ್ಟರ್ ಬಂದಾಗ ನಮ್ಮ ಸಿಸ್ಟರ್ "ರೀಡ್ ಇಟ್ ಅಟ್ ಹೋಮ್, ಗರ್ಲ್ಸ್" ಎಂದು ಪುಟ ತಿರುವಿದ್ದರು. ಪ್ಲಾಸೆಂಟಾ ಅಂದರೇನೆಂದು, ಎಪ್ಪತ್ತು ದಾಟಿದ ಮೇಲೆ, ಶೈಲಜಾ ನನ್ನ ಡೈನಿಂಗ್ ಟೇಬಲ್ ಮೇಲೆ ಬೆರಳಲ್ಲಿ ಗೀಚಿ ತೋರಿಸಿದಳು.

ಲ್ಯಾಬಿನ ಡಿಸಿಪ್ಲಿನ್ ಅಡುಗೆಮನೆಗೂ ಬಂದಿತ್ತು. ಪ್ರೋಟೀನನ್ನು ಪುಟ್ಟ ಪುಟ್ಟ ಟ್ಯೂಬುಗಳಿಗೆ ಹಂಚಿ ಫ್ರೀಜ್ ಮಾಡುತ್ತಾರಂತೆ. ಕರಗಿಸಿದ್ದನ್ನು ಮತ್ತೆ ಮತ್ತೆ ಫ್ರೀಜ್ ಮಾಡಿದರೆ ಕೆಡುತ್ತದಂತೆ. ಭಾನುವಾರ ಕುದಿಸಿದ ಬೇಳೆಸಾರನ್ನೂ ಹಾಗೇ ಒಬ್ಬರ ಊಟದಷ್ಟು ಡಬ್ಬಿಗಳಿಗೆ ಹಂಚುತ್ತಿದ್ದಳು. "ಇಬ್ಬರಿಗಾಗೋ ಡಬ್ಬಿ ಇಲ್ವೇನೇ?" ಅಂದೆ. "ಯಾರಿಗ್ರಿ?" ಅಂದಳು. ಮರುದಿನದಿಂದ ಎರಡು ಡಬ್ಬಿ ಹಿಡಿದು ಊಟಕ್ಕೆ ಕೆಳಗಿಳಿಯತೊಡಗಿದಳು.

ಆ ವರ್ಷ ಪ್ರೋಟೀನ್ ಹಠ ಹಿಡಿದಿತ್ತು. ಎಷ್ಟು ಶುದ್ಧ ಮಾಡಿಟ್ಟರೂ ಒಡೆದ ಹಾಲಿನಂತೆ ಚೂರು ಚೂರಾಗಿ ತೇಲುತ್ತಿತ್ತು. ಈ ಬ್ಯಾಚೂ ಕೆಟ್ಟರೆ ಪ್ರಾಜೆಕ್ಟ್ ಕ್ಲೋಸ್, ಕೆಲಸವೂ ಇಲ್ಲ ಎಂದಿದ್ದನಂತೆ ಬಾಸ್. "ಅಣ್ಣನ ಮನಿಗೆ ಹೋಗಿ ಮೂಲ್ಯಾಗ ಕೂಡೋದು, ಅಷ್ಟ" ಅಂದಳು. ಯುಗಾದಿ ದಿನವೂ ಎಲೆಯ ಮುಂದಿನಿಂದ ಎದ್ದು ಓಡಿದಳು. "ಹಬ್ಬ ಅಂತ ಸೆಲ್‌ಗಳು ಉಪಾಸ ಇರಂಗಿಲ್ರಿ, ಫೀಡ್ ಹಾಕ್ಬೇಕು!" ಸ್ಕೂಲಲ್ಲಿ ಕಲಿತ ಪ್ರೇಯರ್‌ಗಳನ್ನೆಲ್ಲ ನಾನು ಆ ಬ್ಯಾಚಿಗಾಗಿ ಹೇಳಿದೆ. ಅವಳು ಇಲ್ಲೇ ಇರಲಿ ಅನ್ನುವುದೇ ನನ್ನ ಆಸೆ, ಬೇರೇನಲ್ಲ.

ಒಂದು ಸಂಜೆ ಚಪ್ಪಲಿ ಬಿಡುವುದನ್ನೂ ಮರೆತು ಒಳಬಂದಳು. "ಕ್ಲಿಯರ್ ಬಂತ್ರಿ ಆಂಟಿ! ನೀರಿನಂಗ!"

ಇಬ್ಬರೂ ಅತ್ತೆವು. ಪ್ರೋಟೀನ್ ಗೆದ್ದದ್ದಕ್ಕೇ, ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿಸಲು ಕಂಪನಿ ಅವಳನ್ನು ಹೆಡ್ ಮಾಡಿ ಹೈದರಾಬಾದಿಗೆ ಹಾಕಿತು. ನನ್ನ ಪ್ರೇಯರ್ ಅಷ್ಟೊಂದು ಫಲಿಸಬೇಕಿತ್ತೇ?

ಹೊರಡುವ ಬೆಳಿಗ್ಗೆ ಕ್ಯಾಬ್ ಗೇಟಿಗೆ ಬಂದಿತ್ತು. ಮನೆಯಿಂದ ಹೋಗುವ ಹೆಣ್ಣುಮಗಳಿಗೆ ಮಡಿಲು ತುಂಬಬೇಕು. ನನ್ನಂಥವಳನ್ನು ಆ ಕೆಲಸಕ್ಕೆ ಯಾರೂ ಎಂದೂ ಕರೆದವರಲ್ಲ.

"ದುಪ್ಪಟ್ಟಾ ಒಡ್ಡೇ" ಅಂದೆ.

ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಒಂದು ಹಸಿರು ಬ್ಲೌಸ್ ಪೀಸ್ ಹಾಕಿದೆ.

"ಹಿಂಗ ಮಾಡೋದೇನ್ರಿ?"

"ಯಾರಿಗ್ಗೊತ್ತೇ, ಸುಮ್ನಿರು."

ಕ್ಯಾಬ್ ತಿರುವಿನಲ್ಲಿ ನಿಧಾನವಾದಾಗ ಕಿಟಕಿಯಲ್ಲಿ ಅವಳ ಮುಖ ಕಂಡಿತು. ನಾನು ಕೈಬೀಸಿದೆ. ಅವಳು ಬೀಸಲಿಲ್ಲ, ಚೆಲ್ಲದಂತೆ ಎರಡೂ ಕೈಯಲ್ಲಿ ಮಡಿಲು ಹಿಡಿದುಕೊಂಡಿದ್ದಳು.