ಕಡಲಿನಿಂದ ಅಡುಗೆಮನೆಗೆ ಬಂದ ತಂಡೇಲ

ಕಾಪು ಕಡಲ ತೀರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದೀಪಸ್ತಂಭದ ಬಂಡೆಯಿಂದ ಸ್ವಲ್ಪ ತೆಂಕಕ್ಕೆ ದಡದಿಂದಲೇ ಬಲೆ ಎಳೆಯುವ ಕೈರಂಪಣಿಯವರು ಹಗ್ಗ ಹಿಡಿದು ಹಿಂದಕ್ಕೆ ಹಿಂದಕ್ಕೆ ಜಗ್ಗುತ್ತಿದ್ದಾರೆ. ಬಲೆ ದಡ ಮುಟ್ಟಿದ್ದೇ ತಡ, ಬುಟ್ಟಿ ಹಿಡಿದವರೆಲ್ಲ ಮುಗಿಬೀಳುತ್ತಾರೆ. ವಾಸು ಸಾಲ್ಯಾನ್ ಮಾತ್ರ ದೂರದಲ್ಲಿ, ಕವುಚಿ ಹಾಕಿದ ದೋಣಿಗೆ ಬೆನ್ನು ಆನಿಸಿ ನಿಂತಿದ್ದಾರೆ. ಕೈಯಲ್ಲೊಂದು ಪ್ಲಾಸ್ಟಿಕ್ ತೊಟ್ಟೆ. ವ್ಯಾಪಾರಿಗಳ ಕ್ರೇಟುಗಳು ತುಂಬಿ, ಗಲಾಟೆ ಇಳಿದ ಮೇಲೆ ಅವರು ನಿಧಾನವಾಗಿ ಹತ್ತಿರ ಹೋಗುತ್ತಾರೆ. ಅಷ್ಟು ಹೊತ್ತಿಗೆ ಉಳಿದಿರುವುದು ಸಣ್ಣ ಬೂತಾಯಿ ಮೀನು ಮತ್ತು ಹೊಟ್ಟೆ ಒಡೆದ ಬಂಗುಡೆ. ದರವೂ ಇಳಿದಿರುತ್ತದೆ. ಅವರು ಕಾದದ್ದು ಅದಕ್ಕೇ.

"ವಾಸಣ್ಣ, ಹಣ ಎಲ್ಲ ಬೇಡ, ತೆಗೊಂಡು ಹೋಗಿ ಮಾರಾಯ್ರೆ" ಎನ್ನುತ್ತಾನೆ ಬಲೆಯವರ ಪೈಕಿಯ ಕಿಟ್ಟ. ವಾಸು ನೋಟನ್ನು ಅವನ ಅಂಗಿಯ ಕಿಸೆಗೆ ತುರುಕಿ ಹೊರಟೇಬಿಡುತ್ತಾರೆ.

"ಒಂದು ದಿನ ಪುಕ್ಕಟೆ ತೆಗೊಂಡರೆ ಮರುದಿನ ಈ ಕಡೆ ಬರಲಿಕ್ಕೆ ಮುಖ ಬೇಡವಾ?" ಎಂದು ಮರಳಿನಲ್ಲಿ ಕಾಲೆಳೆಯುತ್ತ ಹೇಳುತ್ತಾರೆ. "ನನಗೆ ದಿನಾ ಬರಲಿಕ್ಕೆ ಉಂಟಲ್ಲ."

ಇದೇ ವಾಸು ಒಂದು ಕಾಲಕ್ಕೆ ಮಲ್ಪೆ ಬಂದರಿನಿಂದ ಹೊರಡುವ ದೊಡ್ಡ ಬೋಟೊಂದರ ತಂಡೇಲ. ಬಲೆ ಎಲ್ಲಿ ಬಿಡಬೇಕು, ಯಾವಾಗ ಎತ್ತಬೇಕು, ಗಾಳಿ ತಿರುಗಿದರೆ ಯಾವ ಕಡೆ ಓಡಬೇಕು ಎಂದು ಹೇಳುವವನೇ ತಂಡೇಲ. ಬೋಟಿನಲ್ಲಿರುವ ಅಷ್ಟೂ ಜನ ಅವನ ಬಾಯಿ ನೋಡುತ್ತಿರುತ್ತಾರೆ. ಸೀಸನ್ನಿನಲ್ಲಿ ವಾಸು ಮನೆಗೆ ಬಂದರೆಂದರೆ ಅಂಜಲ್ ಬರುತ್ತಿತ್ತು, ಮಾಂಜಿ ಬರುತ್ತಿತ್ತು, ಎಲ್ಲ ದುಬಾರಿ ಮೀನುಗಳೇ. ಅಕ್ಕಪಕ್ಕದ ಮನೆಗಳಿಗೂ ಹಂಚಿಯಾಗುತ್ತಿತ್ತು. ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಅಲೆಯ ಹೊಡೆತಕ್ಕೆ ಬೋಟು ವಾಲಿದಾಗ ಅವರು ಕ್ಯಾಬಿನ್ನಿನ ಮೇಲಿನಿಂದ ಡೆಕ್ಕಿಗೆ ಬಿದ್ದರು. ಬೆನ್ನುಮೂಳೆಗೆ ಮಣಿಪಾಲದಲ್ಲಿ ಆಪರೇಷನ್ ಆಯಿತು. ನಡೆಯಲಿಕ್ಕೆ ಆಗುತ್ತದೆ, ಆದರೆ ಬಲಗಾಲು ಆಗಾಗ ಹೇಳಿದ ಮಾತು ಕೇಳುವುದಿಲ್ಲ. ಮತ್ತೆ ಕಡಲಿಗೆ ಹೋಗುವುದು ಬೇಡ ಎಂದು ಡಾಕ್ಟರರು ಖಡಾಖಂಡಿತವಾಗಿ ಹೇಳಿ ಕಳಿಸಿದರು.

ಅಂದಿನಿಂದ ಮನೆ ನಿಂತಿರುವುದು ಹೆಂಡತಿ ವಿನೋದಾರ ಸಂಬಳದ ಮೇಲೆ. ಅವರು ಉಡುಪಿಯ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸ ಮಾಡುತ್ತಾರೆ. ಮಗಳು ಹರ್ಷಿಣಿ ಕಾರ್ಕಳದಲ್ಲಿ ಡಿಗ್ರಿ ಓದುತ್ತಿದ್ದಾಳೆ. ಮನೆಯಲ್ಲಿ ಇನ್ನೊಬ್ಬರೆಂದರೆ ವಿನೋದಾರ ತಾಯಿ ಅಮ್ಮಣ್ಣಿ. ಒಂದು ಕಾಲದಲ್ಲಿ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಶಿರ್ವದವರೆಗೆ ನಡೆದವರು. ಈಗ ಕಣ್ಣಿನ ಒತ್ತಡದ ಕಾಯಿಲೆ. ಬೆಳಗ್ಗೆ ಏಳೂವರೆಯ ಒಳಗೆ ವಿನೋದಾ, ಹರ್ಷಿಣಿ ಇಬ್ಬರೂ ಬಸ್ಸು ಹತ್ತುತ್ತಾರೆ. ಆಮೇಲೆ ಒಲೆ, ಬಾವಿ, ಬಟ್ಟೆ, ರೇಷನ್ ಅಂಗಡಿ, ಅತ್ತೆಯ ಔಷಧಿ ತರುವುದು ಎಲ್ಲವೂ ವಾಸು ಅವರದ್ದು.

ಸುರುವಿಗೆ ಅದೇನು ಸುಲಭಕ್ಕೆ ಒಗ್ಗಿದ್ದಲ್ಲ. ಮೊದಲ ತಿಂಗಳು ವಿನೋದಾ ಸಂಬಳ ತಂದು ಕೈಗೆ ಕೊಟ್ಟರು. ವಾಸು ಹಿಂದಿನ ಹಾಗೆಯೇ ಪೇಟೆಗೆ ಹೋದರು, ಹಿಂದಿನ ಹಾಗೆಯೇ ದರ ಕೇಳದೆ ತೊಟ್ಟೆ ತುಂಬಿಸಿಕೊಂಡು ಬಂದರು. ತಿಂಗಳ ಅರ್ಧಕ್ಕೆ ಬರುವಾಗ ಕೈ ಖಾಲಿ. ಅದರ ಮರುದಿನವೇ ಗ್ಯಾಸ್ ಮುಗಿಯಿತು. "ನಾನು ಅಂಗಳದಲ್ಲಿ ಕೂತೆ. ವಿನೋದಾ ಬಸ್ಸಿಳಿದು ಬರುವುದು ಕಾಣುತ್ತಿತ್ತು. ಬಿರುಗಾಳಿಯಲ್ಲಿ ಬೋಟು ತಂದವ ನಾನು. ಆವತ್ತು ಹೆದರಿದಷ್ಟು ಯಾವತ್ತೂ ಹೆದರಿದ್ದಿಲ್ಲ" ಎನ್ನುತ್ತಾರೆ.

ವಿನೋದಾ ಬೈಯಲಿಲ್ಲ. "ಹತ್ತು ದಿನಕ್ಕೆ ಬೋಟು ಹೊರಡುವಾಗ ಡೀಸೆಲ್, ಐಸು, ಅಕ್ಕಿ ಎಲ್ಲ ನೀವೇ ಲೆಕ್ಕ ಹಾಕಿ ತುಂಬಿಸುತ್ತಿದ್ದದ್ದಲ್ವಾ? ಮನೆಗೆ ಯಾಕೆ ಆಗುವುದಿಲ್ಲ?" ಎಂದು ಕೇಳಿದರಂತೆ. ಆ ಮಾತು ವಾಸುವಿಗೆ ನಾಟಿತು. ಕಲಿತರು. ಕುಚ್ಚಲಕ್ಕಿಯನ್ನು ಗ್ಯಾಸಿನಲ್ಲಿ ಪೂರ್ತಿ ಬೇಯಿಸುವುದು ಬಿಟ್ಟರು. ತೆಂಗಿನ ಗರಿ, ಗೆರಟೆ ಉರಿಸಿ ಒಂದು ಕುದಿ ಬರಿಸಿ, ಪಾತ್ರೆಯನ್ನು ಹಳೆ ಕಂಬಳಿಯಲ್ಲಿ ಸುತ್ತಿ ಮರದ ಪೆಟ್ಟಿಗೆಯೊಳಗೆ ಇಡುತ್ತಾರೆ. ಮಧ್ಯಾಹ್ನಕ್ಕೆ ಅನ್ನ ತನ್ನಷ್ಟಕ್ಕೇ ಅರಳಿರುತ್ತದೆ. ಸಂಜೆ ಸಂತೆ ಏಳುವ ಹೊತ್ತಿಗೆ ತರಕಾರಿಯ ಅಪೊಲೋನಿಯಾ ಬಾಯಿಯ ಹತ್ತಿರ ಹೋದರೆ ಬಾಡಿದ ಹರಿವೆ, ಕುಂದು ಬಿದ್ದ ಮಟ್ಟುಗುಳ್ಳ ಬದನೆ ಕಡಿಮೆಗೆ ಸಿಗುತ್ತದೆ. "ಗಂಡಸರು ಚೌಕಾಶಿ ಮಾಡುವುದಿಲ್ಲ ಅಂತ ನಾನು ತಿಳಿದಿದ್ದೆ. ಈ ವಾಸಣ್ಣನ ಹತ್ತಿರ ನನಗೇ ಸುಸ್ತಾಗ್ತದೆ" ಎಂದು ಅಪೊಲೋನಿಯಾ ಬಾಯಿ ನಗುತ್ತಾರೆ.

ಹಾಗೂ ಹೀಗೂ ಎರಡು ವರ್ಷ ದಾಟಿತು. ಈ ವರ್ಷ ಮೇ ತಿಂಗಳಲ್ಲಿ ವಿನೋದಾರ ಬಟ್ಟೆ ಅಂಗಡಿ ಕೈ ಬದಲಾಯಿತು. ಹೊಸ ಧಣಿಗಳು ಹೆಂಗಸರನ್ನು ವಾರಕ್ಕೆ ನಾಲ್ಕೇ ದಿನ ಬರಲು ಹೇಳಿದರು. ಸಂಬಳವೂ ಅಷ್ಟಕ್ಕೇ. ಇದ್ದುದರಲ್ಲೇ ಹಿಡಿದು ಹಿಡಿದು ನಡೆಸುತ್ತಿದ್ದ ಮನೆಯಲ್ಲಿ ಇನ್ನು ಎಲ್ಲಿಂದ ಹಿಡಿಯುವುದು? ಚಹಾಕ್ಕೆ ಹಾಲು ನಿಂತಿತು. ಹರ್ಷಿಣಿ ಬುತ್ತಿಯಲ್ಲಿ ಮೊಟ್ಟೆ ಬೇಡ, ವಾಸನೆ ಬರುತ್ತದೆ ಎಂದಳು. ಮೊನ್ನೆ ಮೊನ್ನೆಯವರೆಗೆ ಮೊಟ್ಟೆ ಇಲ್ಲದಿದ್ದರೆ ಮುಖ ಊದಿಸುತ್ತಿದ್ದವಳು. "ಬೇಕು ಬೇಕು ಅಂತ ಹೇಳುತ್ತಿದ್ದ ಹುಡುಗಿ ಈಗ ಎಂತದೂ ಕೇಳುವುದಿಲ್ಲ. ನನಗೆ ಅದೇ ಹೆದರಿಕೆ" ಎನ್ನುತ್ತಾರೆ ವಾಸು.

ಹೆದರಿಕೆ ಅವರ ಮೈಯಲ್ಲೇ ಕೂತಿದೆ. ಬೆಳಗ್ಗೆ ಎದ್ದ ಕೂಡಲೇ ಗ್ಯಾಸ್ ಸಿಲಿಂಡರನ್ನು ಸ್ವಲ್ಪ ಓರೆ ಮಾಡಿ ಭಾರ ನೋಡುತ್ತಾರೆ. ಮೊಬೈಲು ಟಿಂಗ್ ಎಂದರೆ ಕಾಲೇಜು ಫೀಸಿನ ಮೆಸೇಜೋ ಎಂದು ಕೈಯ ಕೆಲಸ ಬಿಟ್ಟು ನೋಡುತ್ತಾರೆ. ಹರ್ಷಿಣಿ ಸೀನಿದರೂ ಹಣೆ ಮುಟ್ಟಿ ನೋಡುತ್ತಾರೆ.

ಆದರೆ ಏಟು ಬಿದ್ದದ್ದು ಅವರು ನೋಡದಿದ್ದ ಕಡೆಯಿಂದ. ಜೂನ್ ಕೊನೆಗೆ ಒಂದು ಮಧ್ಯಾಹ್ನ ಅಮ್ಮಣ್ಣಿ ಊಟದ ಬಟ್ಟಲಿನ ಪಕ್ಕದಲ್ಲೇ ಇದ್ದ ನೀರಿನ ಲೋಟಕ್ಕೆ ಕೈ ತಾಗಿಸಿ ಉರುಳಿಸಿದರು. ಮತ್ತೆ ಎರಡು ದಿನ ಕಳೆದು ಹೊಸ್ತಿಲಲ್ಲಿ ಎಡವಿದರು. ವಾಸು ಅವರ ಕಣ್ಣಿಗೆ ಬಿಡುವ ಔಷಧಿಯ ಬಾಟಲಿ ತೆಗೆದು ಬೆಳಕಿಗೆ ಹಿಡಿದರು. ತಿಂಗಳಿಗೆ ಮುಗಿಯಬೇಕಾದ ಬಾಟಲಿಯಲ್ಲಿ ಮುಕ್ಕಾಲು ಪಾಲು ಹಾಗೆಯೇ ಉಂಟು. ದಿನಾ ನಾನೇ ಹಾಕಿಕೊಳ್ಳುತ್ತೇನೆ, ಕೈ ನಡುಗುವುದಿಲ್ಲ ಎಂದು ಮುದುಕಿ ಹಟ ಹಿಡಿದದ್ದು ಯಾಕೆಂದು ಆಗ ಗೊತ್ತಾಯಿತು.

"ಮಾಮಿ, ಮದ್ದು ಹಾಕಲಿಲ್ವಾ ನೀವು?"

"ದಿನಾ ಯಾಕೆ? ಆ ಸಣ್ಣ ಬಾಟಲಿಗೆ ಎಷ್ಟು ಕ್ರಯ ಅಂತ ನಂಗೆ ಗೊತ್ತುಂಟು. ನಾನು ನೋಡಬೇಕಾದ್ದನ್ನೆಲ್ಲ ನೋಡಿ ಆಗಿದೆ ವಾಸು" ಎಂದರಂತೆ ಅಮ್ಮಣ್ಣಿ.

ಮರುದಿನವೇ ಮಣಿಪಾಲಕ್ಕೆ ಕರಕೊಂಡು ಹೋದರು. ಕಣ್ಣಿನ ಅಂಚಿನ ನೋಟ ಹೋದದ್ದು ಹೋಯಿತು, ಅದು ಮತ್ತೆ ಬರುವುದಿಲ್ಲ, ಉಳಿದದ್ದನ್ನಾದರೂ ಉಳಿಸಿಕೊಳ್ಳಿ ಎಂದರು ಡಾಕ್ಟರು. ಬಸ್ಸಿನಲ್ಲಿ ಹಿಂದೆ ಬರುವಾಗ ಅತ್ತೆ ಕಿಟಕಿಯ ಬದಿಯಲ್ಲಿ ನಿದ್ದೆ ಹೋಗಿದ್ದರು. ಈ ಭಾಗವನ್ನು ಹೇಳುವಾಗ ವಾಸು ಎದ್ದು ಹೋಗಿ ಒಲೆಯ ಕೊಳ್ಳಿ ಸರಿಮಾಡಿ ಬರುತ್ತಾರೆ. "ನಾನು ಉಳಿಸಿದೆ ಉಳಿಸಿದೆ ಅಂತ ತಿಳಿದುಕೊಂಡದ್ದು ಅವರ ಕಣ್ಣಿನಿಂದ ಅಲ್ವಾ" ಎನ್ನುತ್ತಾರೆ.

ಅದೇ ವಾರ ಹಳೆಯ ಬೋಟಿನ ಮಾಲಕ ಚೆನ್ನಪ್ಪಣ್ಣನ ಫೋನು ಬಂತು. ಮಳೆಗಾಲದ ರಜೆ ಮುಗಿದು ಆಗಸ್ಟಿನಲ್ಲಿ ಬೋಟುಗಳು ಇಳಿಯುತ್ತವೆ, ಅಡುಗೆಗೆ ಜನ ಇಲ್ಲ, ಬರುತ್ತೀಯಾ ಎಂದು. ತಂಡೇಲನಾಗಿ ನಿಂತ ಬೋಟಿನಲ್ಲೇ ಅನ್ನ ಬೇಯಿಸಲು ಕರೆಯುವುದು ಸಣ್ಣ ಮಾತಲ್ಲ. ಚೆನ್ನಪ್ಪಣ್ಣ ಕೇಳಿದ್ದೂ ಅಳುಕುತ್ತಲೇ. ವಾಸು ಒಂದು ಕ್ಷಣವೂ ಯೋಚಿಸದೆ ಹೂಂ ಎಂದರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬೆಳಗ್ಗೆ ಹೆಂಡತಿ ಮಗಳು ಬಸ್ಸು ಹತ್ತಿದ ಮೇಲೆ ಕಡಲ ತೀರಕ್ಕೆ ಹೋಗಿ, ಮರಳು ತುಂಬಿದ ಚೀಲ ಹೆಗಲಿಗೇರಿಸಿ ಕಾಲು ನಿಲ್ಲುತ್ತದಾ ಎಂದು ನೋಡತೊಡಗಿದರು. ಕೆಲವು ದಿನ ನಿಲ್ಲುತ್ತಿತ್ತು. ಕೆಲವು ದಿನ ಚೀಲದ ಸಮೇತ ಕೂತುಬಿಡುತ್ತಿದ್ದರು.

ಗುಟ್ಟು ಉಳಿಯುವ ಊರೇ ಅದು? ಜುಲೈ ಕೊನೆಗೆ ಬಸ್ಸಿನಲ್ಲಿ ಯಾರೋ ವಿನೋದಾರ ಹತ್ತಿರ, "ನಿಮ್ಮವರು ಪುನಃ ಬೋಟಿಗೆ ಹೋಗುವುದಂತೆ ಅಲ್ವಾ, ಒಳ್ಳೆಯದಾಯಿತು" ಎಂದರು. ವಿನೋದಾ ಆ ಸಂಜೆ ಮನೆಗೆ ಬಂದು ಚಪ್ಪಲಿಯನ್ನೂ ಕಳಚದೆ ಅಂಗಳದಲ್ಲೇ ನಿಂತರು.

"ಹೌದಾ?" ಎಂದು ಕೇಳಿದರು.

"ಅಡುಗೆ ಕೆಲಸ ಮಾತ್ರ. ಭಾರ ಎತ್ತಲಿಕ್ಕೆ ಇಲ್ಲ."

"ಅಲೆಗೆ ಗೊತ್ತುಂಟಾ ನೀವು ಅಡುಗೆಯವರು ಅಂತ?"

ವಿನೋದಾರ ಸ್ವರ ಅಷ್ಟು ಏರಿದ್ದನ್ನು ಮಗಳು ಅದೇ ಮೊದಲು ಕೇಳಿದ್ದಂತೆ. "ಹಣ ಕಡಿಮೆಯಾದರೆ ಗಂಜಿ ಕುಡಿಯುವ. ನೀವೇ ಇಲ್ಲದಿದ್ದರೆ ನಾನು ಎಂತ ಮಾಡುವುದು? ನಾನು ನಿಶ್ಚಿಂತೆಯಲ್ಲಿ ಬಸ್ಸು ಹತ್ತುವುದು ಮನೆಯಲ್ಲಿ ನೀವಿದ್ದೀರಿ ಅಂತ. ಅಮ್ಮನ ಕಣ್ಣಿಗೆ ಮದ್ದು ಹಾಕುವವರು ಯಾರು, ಬೋಟಿನವರಾ?"

ಒಳಗಿನಿಂದ ಅಮ್ಮಣ್ಣಿ, "ನನ್ನ ಹೆಸರಲ್ಲಿ ಯಾರೂ ಕಡಲಿಗೆ ಹೋಗುವುದು ಬೇಡ. ಎರಡು ಹೊತ್ತು ಮದ್ದು ಹಾಕಿಸಿಕೊಳ್ತೇನೆ, ಸುಮ್ಮನಿರಿ ಇಬ್ಬರೂ" ಎಂದು ಕೂಗಿದರು.

ಮರುದಿನ ವಾಸು ಚೆನ್ನಪ್ಪಣ್ಣನಿಗೆ ಫೋನು ಮಾಡಿ ಆಗುವುದಿಲ್ಲ ಎಂದರು. ಅದೇ ವಾರ ಅಂಗಳದ ಮೂಲೆಯಲ್ಲಿ ಟಾರ್ಪಾಲು ಹೊದೆದು ನಿಂತಿದ್ದ ಬೈಕನ್ನು ಮಾರಿದರು. ಇನ್ನೊಂದು ದಿನ ಸವಾರಿ ಮಾಡಿಯೇನು ಎಂಬ ಆಸೆಯಿಂದ ಇಟ್ಟುಕೊಂಡ ಬೈಕು. ಅತ್ತೆಯ ಕಣ್ಣಿನ ಪರೀಕ್ಷೆಗಳಿಗೂ ಹರ್ಷಿಣಿಯ ಕಾಲೇಜು ಫೀಸಿಗೂ ಅದು ಆಯಿತು. ವಿನೋದಾ ಕೆಲಸವಿಲ್ಲದ ದಿನಗಳಲ್ಲಿ ಸೀರೆಗೆ ಕುಚ್ಚು ಕಟ್ಟುತ್ತಾರೆ.

ಬೋಟಿಗೆ ಬೇರೆ ರಾಜ್ಯದ ಯುವಕನೊಬ್ಬ ಅಡುಗೆಗೆ ಸೇರಿದ. ಅವನ ಮೀನುಸಾರು ಯಾರ ಬಾಯಿಗೂ ಹಿಡಿಸಲಿಲ್ಲ. ಒಂದು ಸಂಜೆ ಚೆನ್ನಪ್ಪಣ್ಣ ಮನೆಗೇ ಬಂದು, "ಮಸಾಲೆಯಾದರೂ ಮಾಡಿ ಕೊಡು ಮಾರಾಯ, ಜನ ಊಟ ಬಿಡುತ್ತಿದ್ದಾರೆ" ಎಂದರು. ಈಗ ವಾಸು ಮೆಣಸು, ಕೊತ್ತಂಬರಿ, ಮೆಂತೆ ಹುರಿದು ಪುಡಿ ಮಾಡಿಸಿ ಮೂರು ಬೋಟುಗಳಿಗೆ ಕೊಡುತ್ತಾರೆ. ಹೆಚ್ಚಿಗೆ ಏನೂ ಉಳಿಯುವುದಿಲ್ಲ. ಬೋಟು ಖಾಲಿ ಬಂದರೆ ದುಡ್ಡು ಬರುವುದೂ ತಡ. ಆದರೆ ಕಣ್ಣಿನ ಮದ್ದು ಈಗ ಅದರಿಂದಲೇ. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ವಾಸು ತಾವೇ ನಿಂತು ಹಾಕುತ್ತಾರೆ. ಅಮ್ಮಣ್ಣಿ ಕಣ್ಣು ಮುಚ್ಚಿ ಐದು ನಿಮಿಷ ಕೂರುವವರೆಗೆ ಜಾಗ ಬಿಟ್ಟು ಕದಲುವುದಿಲ್ಲ.

ಗಂಡಸಾಗಿ ಮನೆಯಲ್ಲಿ ಕೂತಿದ್ದಾನೆ ಎಂದು ಆಡಿಕೊಳ್ಳುವವರು ಇಂದಿಗೂ ಇದ್ದಾರೆ. ಮದುವೆ ಮನೆಗಳಲ್ಲಿ "ಈಗ ಎಂತ ಕೆಲಸ ಮಾಡುವುದು?" ಎಂಬ ಪ್ರಶ್ನೆಗೆ ವಾಸು ಮೊದಲು ತಲೆ ತಗ್ಗಿಸುತ್ತಿದ್ದರಂತೆ. ಈಗ ಬೇಸರ ಅದರದ್ದಲ್ಲ. ಅಂಗಡಿಯವರು ಮುಂದಿನ ತಿಂಗಳು ಇನ್ನೊಂದು ದಿನ ಕಡಿಮೆ ಮಾಡುತ್ತಾರೆಂಬ ಸುದ್ದಿ ಇದೆ. ನಿಜವೋ ಸುಳ್ಳೋ ಗೊತ್ತಿಲ್ಲ. ವಿನೋದಾ ದೀಪಾವಳಿ ಕಳೆದ ಮೇಲೆ ನೋಡುವ ಎನ್ನುತ್ತಾರೆ. ವಾಸು ಈಗಲೇ ಸಕ್ಕರೆಯ ಡಬ್ಬಿ ಕೈಗೆ ಸಿಗದ ಹಾಗೆ ಮೇಲಿನ ಅಟ್ಟಕ್ಕೆ ಏರಿಸಿದ್ದಾರೆ.

ಬೂತಾಯಿ ತೊಳೆದು ಮಣ್ಣಿನ ಚಟ್ಟಿಗೆ ಹಾಕುತ್ತಿದ್ದವರನ್ನು, ನಿಮಗೆ ಏನಾದರೂ ಆಸೆ ಉಂಟಾ ಎಂದು ಕೇಳಿದರೆ ಚಟ್ಟಿಯನ್ನು ಒಲೆಗೆ ಏರಿಸಿ ಕೊಳ್ಳಿ ಮುಂದೆ ತಳ್ಳುತ್ತಾರೆ. ಕಡಲಿಗೆ ಮರಳುವ ಮಾತು ಬರಬಹುದೆಂದು ಕಾದರೆ ಅದು ಬರುವುದಿಲ್ಲ.

"ದೊಡ್ಡದು ಎಂತ ಇಲ್ಲ" ಎನ್ನುತ್ತಾರೆ ಕೊನೆಗೆ. "ಮಧ್ಯಾಹ್ನ ಸರಿಯಾಗಿ ಊಟದ ಹೊತ್ತಿಗೆ ಯಾರಾದರೂ ನೆಂಟರು ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಲ್ಲಬೇಕು. ಸಾಕಾಗುತ್ತದಾ ಅಂತ ನಾನು ತಿರುಗಿ ಅನ್ನದ ಪಾತ್ರೆ ನೋಡಬಾರದು. ಬನ್ನಿ, ಕೈ ತೊಳೆಯಿರಿ ಅಂತ ಹೇಳಿಬಿಡಬೇಕು. ಅಷ್ಟೇ."