ಮೈಕಕ್ಕ ಮತ್ತು ಅತಿಥಿ ತಂಡದ ಗೋಲು

ಆ ಊರಿನವರು ಗಡಿಯಾರದ ಗೋಪುರ ಕಟ್ಟಿದರೆ ಈ ಊರಿನವರು ಅದಕ್ಕಿಂತ ಒಂದು ಮೊಳ ಎತ್ತರದ್ದು ಕಟ್ಟಿದರು. ಅದನ್ನು ಕಂಡು ಆ ಊರಿನವರು ತಮ್ಮ ಗೋಪುರದ ನೆತ್ತಿಯ ಮೇಲೆ ತಗಡಿನ ಹುಂಜವೊಂದನ್ನು ನಿಲ್ಲಿಸಿ, ಹುಂಜದ ಜುಟ್ಟನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ವಾದಕ್ಕೆ ಬಂದರು. ಆ ಊರಿನ ಗ್ರಂಥಾಲಯ ಒಂಬತ್ತರವರೆಗೆ ತೆರೆದಿರುತ್ತದೆಂದು ತಿಳಿದ ಮೇಲೆ ಈ ಊರಿನದು ಹತ್ತರವರೆಗೆ ತೆರೆದಿರತೊಡಗಿತು. ಕೊನೆಯ ಒಂದು ಗಂಟೆ ಕಾವಲುಗಾರ ಒಬ್ಬನೇ ಕೂತು ತೂಕಡಿಸುತ್ತಾನೆ, ಆದರೇನು, ಮರ್ಯಾದೆಯ ಪ್ರಶ್ನೆ. ಎರಡೂ ದೊಡ್ಡ ನಗರಗಳೇ. ನಡುವೆ ರೈಲಿನಲ್ಲಿ ಒಂದು ಗಂಟೆಯ ದಾರಿ. ಎರಡರಲ್ಲೂ ಜನ ಬೆಳಗ್ಗೆ ಎದ್ದು, ಹಲ್ಲುಜ್ಜಿ, ಗೊಣಗುತ್ತಾ ಕೆಲಸಕ್ಕೆ ಹೋಗುತ್ತಾರೆ. ಹಾಗಾದರೆ ವ್ಯತ್ಯಾಸ ಏನು ಎಂದು ಕೇಳಿ ನೋಡಿ, ಎರಡೂ ಊರಿನವರು ಒಟ್ಟಾಗಿ ನಿಮ್ಮ ಮೇಲೆ ಬೀಳುತ್ತಾರೆ. ಅವರು ಒಟ್ಟಾಗುವುದು ಆಗ ಮಾತ್ರ.

ಈ ಜಗಳದಲ್ಲಿ ಈ ಊರಿನ ದನಿ ಮೈಕಕ್ಕನದು. ವಾರವಿಡೀ ಆಕೆ ರೈಲು ನಿಲ್ದಾಣದ ಪ್ರಕಟಣೆಯ ಕೋಣೆಯಲ್ಲಿರುತ್ತಾಳೆ. ಎರಡು ಹೆಜ್ಜೆ ಇಟ್ಟರೆ ಗೋಡೆ ಸಿಗುವ ಕೋಣೆ, ಒಂದು ಮೈಕು, ಬಿಸಿನೀರಿನ ಫ್ಲಾಸ್ಕು, ಹಳಿಗಳ ಕಡೆಗೊಂದು ಕಿಟಕಿ. ಮಾತಾಡುವ ಮುಂಚೆ ಒಂದು ಗುಟುಕು ನೀರು ಕುಡಿದು, ಎಡಗೈಯನ್ನು ಗಂಟಲ ಮೇಲಿಟ್ಟುಕೊಳ್ಳುತ್ತಾಳೆ. ಆಮೇಲೆ ಹೊರಡುವ ದನಿಗೆ ಪ್ಲಾಟ್‌ಫಾರ್ಮಿನ ಪಾರಿವಾಳಗಳೂ ಸರಿದು ಕೂರುತ್ತವೆ. ಬೇರೆಲ್ಲ ಊರಿನ ರೈಲುಗಳನ್ನು ಆಕೆ ನೆಂಟರನ್ನು ಕರೆದ ಹಾಗೆ ಕರೆಯುತ್ತಾಳೆ, ಆ ಊರಿನ ರೈಲು ಬಂದಾಗ ಮಾತ್ರ ದನಿಯಲ್ಲಿ ಆಕಳಿಕೆ.

ಭಾನುವಾರ ಆಕೆ ಊರಿನ ಫುಟ್‌ಬಾಲ್ ಮೈದಾನದಲ್ಲಿ ಮೈಕು ಹಿಡಿಯುತ್ತಾಳೆ. ಅದು ಶುರುವಾದದ್ದೇ ಒಂದು ಆಕಸ್ಮಿಕ. ಮೈದಾನದ ಹಳೆಯ ಪ್ರಕಟಣೆಕಾರರಿಗೆ ಗಂಟಲು ಕಟ್ಟಿತೆಂದು ಕ್ಲಬ್ಬಿನವರು ನಿಲ್ದಾಣಕ್ಕೆ ಓಡಿ ಬಂದು, ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿಯನ್ನು ಕರೆದೊಯ್ದರು. ಆಟ ಆ ಊರಿನ ತಂಡದ ಮೇಲೆ. ಹತ್ತು ನಿಮಿಷಕ್ಕೇ ಅವರು ಗೋಲು ಹೊಡೆದರು. ಏನು ಹೇಳಬೇಕೆಂದು ಗೊತ್ತಾಗದೆ ಗಾಬರಿಬಿದ್ದ ಹುಡುಗಿ ಬಾಯಿಪಾಠವಿದ್ದದ್ದನ್ನೇ ಹೇಳಿಬಿಟ್ಟಳು: "ದಯವಿಟ್ಟು ಗಮನಿಸಿ. ಅತಿಥಿ ತಂಡದ ಒಂದು ಗೋಲು ಬಂದಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ."

ಇಡೀ ಮೈದಾನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸೋತರೂ ಅವತ್ತು ಜನ ನಗುನಗುತ್ತಾ ಮನೆಗೆ ಹೋದರು. ಮುಂದಿನ ವಾರ ಹಳೆಯ ಪ್ರಕಟಣೆಕಾರರ ಗಂಟಲು ಸರಿಹೋಯಿತು, ಆದರೆ ಅವರನ್ನು ಕೇಳುವವರೇ ಇರಲಿಲ್ಲ. ಅಂದಿನಿಂದ ಅದೇ ರೂಢಿ. ನಮ್ಮವರು ಹೊಡೆದರೆ ಹೊಡೆದವನ ಹೆಸರು ಮೂರು ಸಲ, ಪ್ರತಿ ಸಲವೂ ಒಂದು ಮೆಟ್ಟಿಲು ಮೇಲಿನ ದನಿಯಲ್ಲಿ. ಆ ಊರಿನವರು ಹೊಡೆದರೆ ಹೆಸರಿಲ್ಲ, ಬರೀ ತಡವಾದ ರೈಲಿನ ಪ್ರಕಟಣೆ. ಕೊನೆಯ ವಾಕ್ಯವನ್ನು ಇಡೀ ಮೈದಾನವೇ ಅವಳೊಂದಿಗೆ ಹೇಳುತ್ತದೆ. ಇಷ್ಟು ವರ್ಷಗಳಲ್ಲಿ ಆ ಊರಿನ ಒಬ್ಬ ಆಟಗಾರನ ಹೆಸರೂ ಆ ಮೈಕಿನಿಂದ ಹೊರಬಿದ್ದಿಲ್ಲ.

ಮೈಕಕ್ಕನ ಯಜಮಾನರು ಗಡಿಯಾರ ರಿಪೇರಿ ಮಾಡುವವರು. ಮಾತು ಕಡಿಮೆ. ಅವರಿಗೆ ನಾಟಕದ ಹುಚ್ಚು, ಅದರಲ್ಲೂ ಆ ಊರಿನ ನಾಟಕಗಳದು. ಬಾಯಿಬಿಟ್ಟು ಹೇಳಿದರೆ ಮನೆಯಲ್ಲಿ ಅನ್ನ ಹುಟ್ಟುವುದಿಲ್ಲವೆಂದು, ತಿಂಗಳಿಗೊಮ್ಮೆ 'ಬಿಡಿಭಾಗ ತರಬೇಕು' ಎಂದು ಹೇಳಿ ರೈಲು ಹತ್ತುತ್ತಾರೆ. ಬಿಡಿಭಾಗ ತರಲು ಹೊರಟವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮೈಗೆ ಅತ್ತರು ಹಚ್ಚಿಕೊಂಡು ಹೋಗುತ್ತಾರೆಯೇ? ಮೈಕಕ್ಕನಿಗೆ ಎಲ್ಲ ಗೊತ್ತು. ಅವರು ಹತ್ತುವ ರೈಲನ್ನು ಹೊರಡಿಸುವವಳೇ ಅವಳು.

ಇವರಿಗೆ ಒಬ್ಬನೇ ಮಗ. ಕುಳ್ಳು, ಕೈಕಾಲು ಕಡ್ಡಿ, ನಿಂತಲ್ಲಿ ನಿಲ್ಲದ ಜೀವ. ಅದಕ್ಕೇ ಮಿಡತೆ ಎಂಬ ಹೆಸರು ಅವನಿಗೆ ಅಂಟಿಕೊಂಡಿತ್ತು. ಮನೆಯ ಹಿಂದಿನ ಅಂಗಳದಲ್ಲಿ ಅವನು ಗೋಡೆಗೆ ಚೆಂಡು ಒದ್ದಾಗಲೆಲ್ಲ ಅಡುಗೆಮನೆಯ ಕಿಟಕಿಯಿಂದ ಅಮ್ಮ ಹಳೆಯ ಪತ್ರಿಕೆಯನ್ನು ಸುರುಳಿ ಸುತ್ತಿ ಬಾಯಿಗಿಟ್ಟುಕೊಂಡು ಅವನ ಪೂರ್ತಿ ಹೆಸರನ್ನು ಮೂರು ಸಲ ಕೂಗುತ್ತಿದ್ದಳು. ಹಿಂದೆಯೇ ಅದೇ ಉಸಿರಿನಲ್ಲಿ, "ಸಾಕ್ಸ್ ಎಳ್ಕೊಳೋ!" ಅವನ ಸಾಕ್ಸು ಯಾವತ್ತೂ ಪಾದದ ಹತ್ತಿರ ಮುದುಡಿ ಬಿದ್ದಿರುತ್ತಿತ್ತು.

ಬೆಳೆದವನು ಈ ಊರಿನ ಕ್ಲಬ್ಬಿಗೆ ಸೇರಲು ಹೋದ. ಕೋಚ್ ಅವನನ್ನು ಮೇಲಿನಿಂದ ಕೆಳಗೆ ನೋಡಿದರು, ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. "ಸ್ವಲ್ಪ ಬೆಳೆದ ಮೇಲೆ ಬಾ" ಎಂದರು. ಹತ್ತೊಂಬತ್ತು ತುಂಬಿದವನು ಇನ್ನೆಲ್ಲಿ ಬೆಳೆಯಬೇಕು? ಎರಡು ವರ್ಷ ಸಣ್ಣಪುಟ್ಟ ತಂಡಗಳಲ್ಲಿ ಕುಣಿದಾಡಿದ. ಆಮೇಲೆ ಒಂದು ದಿನ ಅವನನ್ನು ಕರೆದು ಸೇರಿಸಿಕೊಂಡವರು ಯಾರು ಎಂದರೆ, ಆ ಊರಿನವರು.

ಮೈಕಕ್ಕ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ನಿಲ್ದಾಣದಲ್ಲಿ ಮಾತ್ರ ಮಾತಾಡಿದಳು, ಅದು ಸಂಬಳದ ಮಾತು. ಮೂರನೆಯ ದಿನ ಮಗನಿಗೆ ಆರು ಜೊತೆ ಬಿಗಿ ಸಾಕ್ಸು ಕೊಂಡು ತಂದು ಪೆಟ್ಟಿಗೆಗೆ ತುಂಬಿಸಿದಳು.

ಆ ಊರಿನ ತಂಡ ಇಲ್ಲಿಗೆ ಆಡಲು ಬರುವ ದಿನ ಹತ್ತಿರವಾದ ಹಾಗೆ ಮೈಕಕ್ಕನಿಗೆ ಬೀದಿಯಲ್ಲಿ ನಡೆಯುವುದೇ ಕಷ್ಟವಾಯಿತು. ತರಕಾರಿಯವನು ತಕ್ಕಡಿ ಎತ್ತಿ ಹಿಡಿದು, "ಏನಕ್ಕಾ, ಮಗ ಗೋಲ್ ಹೊಡೆದ್ರೆ ವಿಷಾದ ಹೇಳ್ತೀರಾ, ಹೆಸರು ಹೇಳ್ತೀರಾ?" ಎಂದು ಕೇಳಿದ. ಪಕ್ಕದ ಮನೆಯ ದರ್ಜಿ ಹೆಂಗಸಂತೂ, "ಹೆತ್ತ ಮಗನಿಗೆ ವಿಷಾದ ಅಂತ ಹೇಳಿದ್ರೆ ನಿಮ್ಮ ಮನೆ ಮೆಟ್ಟಿಲು ಹತ್ತಲ್ಲ ನೋಡಿ" ಎಂದು ಮುಖ ತಿರುಗಿಸಿದಳು. ಕ್ಲಬ್ಬಿನ ಕಾರ್ಯದರ್ಶಿ ಬಟ್ಟೆ ಅಂಗಡಿಯವರು, ನಯವಾಗಿ ಮಾತಾಡುವುದು ಅಂಗಡಿಯಲ್ಲೇ ಕಲಿತದ್ದು. ಅವರೇ ಮನೆಗೆ ಬಂದರು.

"ಮೈಕಕ್ಕಾ, ನಿಮಗೆ ಕಷ್ಟ ಆಗುತ್ತೆ ಅಂದ್ರೆ ಅವತ್ತೊಂದಿನ ರಜೆ ತಗೊಳ್ಳಿ. ನಮ್ಮ ಭಾವಮೈದ ಇದ್ದಾನೆ, ಅವನು ಹೇಳ್ತಾನೆ."

"ಹೆರಿಗೆಯಾದ ತಿಂಗಳಿಗೇ ಇದೇ ಮಗನ್ನ ಬುಟ್ಟೀಲಿ ಪಕ್ಕಕ್ಕೆ ಮಲಗಿಸ್ಕೊಂಡು ಮೈಕ್ ಹಿಡಿದವಳು ನಾನು," ಎಂದಳು ಮೈಕಕ್ಕ. "ಆಗ ಬೇಡದ ರಜೆ ಈಗ್ಯಾಕೆ?"

"ಹಾಗಲ್ಲ... ಆ ಊರಿನವನ ಹೆಸರು ನಮ್ಮ ಮೈಕಿನಲ್ಲಿ ಬಂತು ಅಂದ್ರೆ ಜನ ಸುಮ್ಮನೆ ಇರಲ್ಲ. ಆಮೇಲೆ ಮೈಕ್ ನಿಮ್ಮ ಕೈಯಲ್ಲಿ ಉಳಿಯೋದು ಕಷ್ಟ."

"ಹೆಸರು ಬರೋದಿಲ್ಲ, ಹೋಗಿ," ಎಂದಳು. ಹೇಳಿದ್ದೇನೋ ಗಟ್ಟಿಯಾಗಿಯೇ. ಕಾರ್ಯದರ್ಶಿ ಹೋದ ಮೇಲೆ ಒಣಗಿದ ಬಟ್ಟೆ ಮಡಚಲು ಕೂತವಳು ಒಂದೇ ಟವೆಲನ್ನು ನಾಲ್ಕು ಸಲ ಮಡಚಿ ಬಿಚ್ಚಿದಳು.

ಆಟದ ಹಿಂದಿನ ದಿನ ಮಗನ ಫೋನು ಬಂತು.

"ಅಮ್ಮ, ಒಂದು ವೇಳೆ ನಾನು ಹೊಡೆದ್ರೆ?"

"ಹೊಡಿ ನೋಡೋಣ."

"ಹೊಡೆದ್ರೆ ಹೆಸರು ಹೇಳ್ತೀಯಾ? ಮುಂಚೆ ಕಿಟಕಿಯಿಂದ ಹೇಳ್ತಿದ್ಯಲ್ಲ, ಮೂರು ಸಲ."

"ಊಟ ಆಯ್ತಾ?" ಎಂದಳು ಮೈಕಕ್ಕ.

ಮಗ ನಕ್ಕ. ನಗುವಿನ ಕೊನೆಯಲ್ಲಿ ಸ್ವಲ್ಪ ಸಪ್ಪಗಾದದ್ದು ಅವಳ ಕಿವಿಗೆ ಬೀಳದೆ ಇರಲಿಲ್ಲ. ದನಿಯಲ್ಲೇ ಬದುಕುವವಳು ಅವಳು, ಅಷ್ಟು ತಿಳಿಯುವುದಿಲ್ಲವೇ? ಫೋನಿಟ್ಟ ಮೇಲೆ ಇನ್ನೊಂದು ಯೋಚನೆ ಬಂದು ಕಾಡಿತು. ಇಷ್ಟು ವರ್ಷ ತಾನು ವಿಷಾದ ಹೇಳುತ್ತಾ ಬಂದ ಆ ಹುಡುಗರಿಗೂ ಎಲ್ಲೋ ಒಂದು ಕಿಟಕಿ, ಕಿಟಕಿಯಲ್ಲೊಬ್ಬಳು ಅಮ್ಮ ಇದ್ದಿರಬೇಕಲ್ಲ. ಛೆ, ಇದು ಮೊದಲೇ ಹೊಳೆಯಬಾರದಿತ್ತೇ ಎಂದು ತನ್ನ ಮೇಲೇ ಸಿಟ್ಟು ಬಂತು.

ಭಾನುವಾರ ಮೈದಾನದಲ್ಲಿ ಎಳ್ಳು ಹಾಕಲೂ ಜಾಗವಿರಲಿಲ್ಲ. ಒಂದು ಕಡೆ ಈ ಊರಿನವರ ಹಸಿರು, ಇನ್ನೊಂದು ಕಡೆ ಆ ಊರಿನವರ ಹಳದಿ, ನಡುವೆ ಬೇಲಿ. ಯಜಮಾನರು ಸರಿಯಾಗಿ ಬೇಲಿಯ ಪಕ್ಕದ ಸೀಟು ಹಿಡಿದು, ಹಸಿರೂ ಅಲ್ಲದ ಹಳದಿಯೂ ಅಲ್ಲದ ಬಿಳಿ ಅಂಗಿಯಲ್ಲಿ ಕೂತಿದ್ದರು. ಮೇಲೆ ಗಾಜಿನ ಕ್ಯಾಬಿನ್ನಿನಲ್ಲಿ ಮೈಕಕ್ಕ, ಪಕ್ಕದಲ್ಲಿ ಕಾರ್ಯದರ್ಶಿ. ಮೈದಾನದ ಮೈಕಿನ ಸ್ವಿಚ್ಚು ಹಳೆಯದು, ಸುಮ್ಮನೆ ಒತ್ತಿದರೆ ಆರುವುದಿಲ್ಲ. ಹೆಬ್ಬೆರಳಿನಿಂದ ಅದುಮಿ ಕೆಳಕ್ಕೆ ಎಳೆಯಬೇಕು.

ಮೊದಲ ಗೋಲು ನಮ್ಮವರದು. ಮೈಕಕ್ಕ ಹೊಡೆದವನ ಹೆಸರನ್ನು ಮೂರು ಸಲ ಮುಗಿಲಿಗೆ ಹತ್ತಿಸಿದಳು. ಸ್ವಲ್ಪ ಹೊತ್ತಿಗೆ ಆ ಊರಿನ ಒಬ್ಬ ಉದ್ದ ಕೂದಲಿನ ಹುಡುಗ ಸಮ ಮಾಡಿದ. "ದಯವಿಟ್ಟು ಗಮನಿಸಿ," ಎಂದಳು. ವಿಷಾದವನ್ನು ಜನರೇ ಕೂಗಿ ಮುಗಿಸಿದರು. ಆಮೇಲೆ ಆಟ ಎಳೆಯಿತು, ಎಳೆಯಿತು. ಕೊನೆಯ ನಿಮಿಷಗಳಲ್ಲಿ ನಮ್ಮ ಇಬ್ಬರು ದಢೂತಿ ಆಟಗಾರರು ಚೆಂಡಿಗಾಗಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡಾಗ, ಅವರ ಮೊಣಕೈಗಳ ಕೆಳಗಿನಿಂದ ಒಂದು ಕುಳ್ಳು ಆಕೃತಿ ನುಸುಳಿ, ಜಿಗಿದು, ಚೆಂಡನ್ನು ಬಲೆಗೆ ತಳ್ಳಿತು.

ಹಳದಿ ಕಡೆ ಹುಚ್ಚೆದ್ದು ಕುಣಿಯಿತು. ಹಸಿರು ಕಡೆಯವರು ತಲೆಯ ಮೇಲೆ ಕೈಹೊತ್ತರು. ಒಂದು ಕ್ಷಣಕ್ಕೆ ಎರಡೂ ಕಡೆಯವರು ಕುತ್ತಿಗೆ ಎತ್ತಿ ಗಾಜಿನ ಕ್ಯಾಬಿನ್ನಿನ ಕಡೆ ನೋಡಿದರು. ಮಿಡತೆಯೂ ನೋಡಿದ.

ಮೈಕಕ್ಕ ಒಂದು ಗುಟುಕು ನೀರು ಕುಡಿದಳು. ಗಂಟಲ ಮೇಲೆ ಕೈಯಿಟ್ಟಳು.

"ದಯವಿಟ್ಟು ಗಮನಿಸಿ. ಅತಿಥಿ ತಂಡದ ಎರಡನೇ ಗೋಲು ಬಂದಿದೆ."

ಮುಂದಿನ ವಾಕ್ಯಕ್ಕೆ ಬಾಯಿ ತೆರೆದಳು. ಬರಲಿಲ್ಲ. ಹೆಸರನ್ನೂ ಹೇಳಲಿಲ್ಲ, ಕೊಟ್ಟ ಮಾತು ಮಾತೇ. ಸ್ವಿಚ್ಚು ಒತ್ತಿ, ಕುರ್ಚಿಗೆ ಒರಗಿ, ಕೆಳಗೆ ನಿಂತಿದ್ದ ಮಗನನ್ನು ನೋಡಿದಳು. ಅದುಮಿ ಕೆಳಕ್ಕೆ ಎಳೆಯಬೇಕಿತ್ತು, ಬರೀ ಒತ್ತಿದ್ದಳು.

"ಸಾಕ್ಸ್ ಎಳ್ಕೊಳೋ ಮಿಡತೆ, ಕಾಲಿಗೆ ಪೆಟ್ಟಾದೀತು! ಆರು ಜೊತೆ ತಂದು ಕೊಟ್ಟಿದ್ದೀನಿ..."

ಅಷ್ಟೂ ಮೈದಾನದ ಮೂಲೆಮೂಲೆಗೆ ಕೇಳಿಸಿತು. ನಟ್ಟನಡುವೆ ನಿಂತಿದ್ದ ಮಿಡತೆ, ಹತ್ತು ವರ್ಷದ ಹುಡುಗನ ಹಾಗೆ, ತಟ್ಟನೆ ಬಗ್ಗಿ ಸಾಕ್ಸು ಎಳೆದುಕೊಂಡ. ಮೊದಲು ನಕ್ಕವರು ಯಾರೆಂದು ಇವತ್ತಿಗೂ ಎರಡೂ ಊರುಗಳಲ್ಲಿ ವಾದವಿದೆ. ಹಸಿರು ಹಳದಿ ಸೇರಿ ನಕ್ಕದ್ದು ಮಾತ್ರ ಅದೇ ಮೊದಲು. ರೆಫರಿ ಸೀಟಿ ಬಾಯಿಗಿಟ್ಟುಕೊಂಡರೂ ಊದಲಾಗಲಿಲ್ಲ. ಕಾರ್ಯದರ್ಶಿ ಕಣ್ಣೊರೆಸಿಕೊಳ್ಳುತ್ತಾ, "ಹೆಸರು ಹೇಳ್ಲಿಲ್ಲ ಬಿಡಿ, ನಿಯಮ ನಿಯಮಾನೇ," ಎಂದರು.

ಆಟ ಹಾಗೆಯೇ ಮುಗಿಯಿತು. ನಾವು ಸೋತೆವು.

ಮೈಕಕ್ಕನಿಗೆ ಸಂಜೆ ನಿಲ್ದಾಣದಲ್ಲಿ ಪಾಳಿ. ಎಲ್ಲರೂ ನಗುತ್ತಿದ್ದರೂ ಅವಳಿಗೆ ನಗು ಬರಲಿಲ್ಲ. ಮಗ ಕೇಳಿದ್ದು ಸಾಕ್ಸಿನ ಮಾತನ್ನಲ್ಲ. ಕೋಣೆಗೆ ಬಂದು ಕಿಟಕಿಯಲ್ಲಿ ಇಣುಕಿದಳು. ಆ ಊರಿನ ವಿಶೇಷ ರೈಲು ನಿಂತಿತ್ತು. ಪ್ಲಾಟ್‌ಫಾರ್ಮಿನ ತುಂಬ ಹಳದಿ. ಆಟಗಾರರು ಒಬ್ಬೊಬ್ಬರಾಗಿ ಬೋಗಿ ಹತ್ತುತ್ತಿದ್ದರು. ಮಿಡತೆ ಬಾಗಿಲ ಕಂಬಿ ಹಿಡಿದು ಬಿಳಿ ಅಂಗಿಯ ಅಪ್ಪನ ಜೊತೆ ಮಾತಾಡುತ್ತಿದ್ದ. ಸೋತ ಈ ಊರಿನ ಕೂಲಿಯವರು, ಚಹಾದವನು, ಹೂವಿನವಳು ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು.

ಕೊಟ್ಟ ಮಾತು ಮೈದಾನದ ಮೈಕಿನದು. ಇದು ರೈಲಿನ ಮೈಕು.

"ದಯವಿಟ್ಟು ಗಮನಿಸಿ," ಎಂದಳು. ದನಿಯಲ್ಲಿ ಆಕಳಿಕೆ ಇರಲಿಲ್ಲ. "ಮೂರನೇ ಪ್ಲಾಟ್‌ಫಾರ್ಮಿನಲ್ಲಿರುವ ವಿಶೇಷ ರೈಲು ಹೊರಡಲು ಸಿದ್ಧವಾಗಿದೆ. ಇದರಲ್ಲಿ ಇಂದು ಗೋಲು ಹೊಡೆದ ಇಬ್ಬರು ಪ್ರಯಾಣಿಸುತ್ತಿದ್ದಾರೆ."

ಮೊದಲು ಉದ್ದ ಕೂದಲಿನ ಹುಡುಗನ ಹೆಸರು ಹೇಳಿದಳು, ಮೂರು ಸಲ. ಎಲ್ಲೋ ಇರುವ ಅವನ ಅಮ್ಮನಿಗಾಗಿ. ಆಮೇಲೆ ಅಡುಗೆಮನೆಯ ಕಿಟಕಿಯಲ್ಲಿ ಹೇಳುತ್ತಿದ್ದ ಹಾಗೆಯೇ ಮಗನ ಪೂರ್ತಿ ಹೆಸರು, ಒಂದು ಸಲ, ಎರಡು ಸಲ. ಮೂರನೆಯ ಸಲ ದನಿ ಒಡೆಯಿತು. ಒಡೆದ ದನಿಯಲ್ಲೇ ಪೂರ್ತಿ ಮಾಡಿದಳು. ಬಾಗಿಲಲ್ಲಿದ್ದ ಮಿಡತೆ ಕೈಯೆತ್ತಿದ, ಇನ್ನೊಂದು ಕೈಯಿಂದ ಕಣ್ಣು ಮುಚ್ಚಿಕೊಂಡ. ಹಳದಿಯವರು ಕೂಗಿದರು. ಚಹಾದವನು ಕೆಟಲ್ ಕೆಳಗಿಟ್ಟು ಚಪ್ಪಾಳೆ ತಟ್ಟಲು ಶುರುಮಾಡಿದ, ಅವನನ್ನು ನೋಡಿ ಕೂಲಿಯವರೂ ತಟ್ಟಿದರು.

ರೈಲು ಮೆಲ್ಲಗೆ ಅಲುಗಿತು. ಎರಡೂ ಊರಿನವರು ಕೊನೆಯ ವಾಕ್ಯಕ್ಕಾಗಿ ಕಿವಿಗೊಟ್ಟು ನಿಂತರು, ಜೊತೆಗೆ ಕೂಗಲು ಕೆಲವರು ಬಾಯಿಯನ್ನೂ ತೆರೆದರು.

"ಅಡಚಣೆಗಾಗಿ," ಎಂದಳು ಮೈಕಕ್ಕ, "ಯಾವ ವಿಷಾದವೂ ಇಲ್ಲ."